ಕಲ್ಪನೆಯ ಮೋಟಾರು ಗಾಡಿಯೂ ಅದರ ರೇಖೆಯ ಚರಿತ್ರೆಯೂ

ಬೀದಿಯಲ್ಲಿ ಓಡುವ ಪ್ರತಿಯೊಂದು ಮೋಟಾರು ಗಾಡಿಯೂ ಉಕ್ಕಿನ ರೂಪವನ್ನು ತಾಳುವುದಕ್ಕೆ ಮುಂಚೆ ಚಿತ್ರದ ರೂಪದಲ್ಲಿದ್ದಿತು. ಯಾರೋ ಒಬ್ಬರು ಒಂದು ದಿನ ಸೀಸದ ಕಡ್ಡಿಯನ್ನು ಹಿಡಿದು ಎಳೆದ ಗೆರೆಯೇ ಮುಂದೆ ಸಹಸ್ರಾರು ಗಾಡಿಗಳ ಬೆನ್ನಿನ ಬಾಗಾಗಿ, ಬಾಗಿಲಿನ ಅಂಚಾಗಿ ಪರಿಣಮಿಸುತ್ತದೆ. ಇಂಥ ಚಿತ್ರಗಳಲ್ಲಿ ಮಾರಾಟದ ಉದ್ದೇಶವೇ ಇಲ್ಲದೆ, ‘ಗಾಡಿಯು ಹೀಗೂ ಇರಬಹುದಲ್ಲವೆ?’ ಎಂದು ಕೇಳುವುದಕ್ಕಾಗಿಯೇ ಬರೆದವು ಕೆಲವುಂಟು. ಇವನ್ನು ಕಾನ್ಸೆಪ್ಟ್ ಕಾರುಗಳೆಂದು ಕರೆಯುವರು. ಕಲ್ಪನೆಯ ಗಾಡಿಗಳೆಂದು ನಾವು ಹೇಳಬಹುದು. ಈಚೆಗೆ ತರುಣರನೇಕರು ತಮ್ಮ ಮನೆಗಳಲ್ಲಿಯೇ ಕುಳಿತು, ಗಣಕಯಂತ್ರಕ್ಕೆ ಜೋಡಿಸಿದ ಹಲಗೆಯ ಮೇಲೆ ವಿದ್ಯುತ್ತಿನ ಲೇಖನಿಯಿಂದ ಇಂಥ ಗಾಡಿಗಳನ್ನು ಬರೆಯುತ್ತಿರುವುದನ್ನು ವಾಚಕರು ನೋಡಿರಬಹುದು. ಇದು ಹೊತ್ತು ಕಳೆಯುವ ಆಟವೆಂದು ಹಿರಿಯರು ಭಾವಿಸುವುದೂ ಉಂಟು. ಆದರೆ ಆ ಲೇಖನಿಯು ಎಳೆಯುವ ಬಾಗುಗೆರೆಯು ಹುಟ್ಟಿದುದು ಮೋಟಾರು ಕಾರ್ಖಾನೆಯಲ್ಲಿಯೇ. ಅದರ ಚರಿತ್ರೆಯು ಸ್ವಾರಸ್ಯವಾದುದು. ಎಳೆದ ಗೆರೆಯು ಯಾರಿಗೆ ಸೇರತಕ್ಕದ್ದು ಎಂಬ ನ್ಯಾಯದ ಪ್ರಶ್ನೆಯೊಂದೂ ಅದರಲ್ಲಿ ಅಡಗಿದೆ. ಅದನ್ನು ಸಂಗ್ರಹವಾಗಿ ನಿರೂಪಿಸುವುದೇ ಈ ಲೇಖನದ ಉದ್ದೇಶ.

ಮೊದಮೊದಲು ಅಗ್ಗದ ಮೋಟಾರು ಗಾಡಿಯ ಚೆಲುವನ್ನು ಕುರಿತು ಚಿಂತಿಸುವವರೇ ವಿರಳವಾಗಿದ್ದರು. ೧೯೦೮ರಲ್ಲಿ ಹೊರಬಂದ ಫೋರ್ಡ್ ಸಂಸ್ಥೆಯ ‘ಟಿ’ ಮಾದರಿಯು ಅಗ್ಗವೂ ಗಟ್ಟಿಯೂ ಆಗಿದ್ದಿತು. ೧೯೧೪ರಿಂದ ಮೊದಲುಗೊಂಡು ಹಲವು ವರ್ಷಗಳ ಕಾಲ ಅದು ಕಪ್ಪು ಬಣ್ಣವೊಂದರಲ್ಲಿಯೇ ದೊರೆಯುತ್ತಿದ್ದಿತು. ಚೆಂದದ ಒಡಲು ಬೇಕೆಂಬ ಸಿರಿವಂತರು ಸಾರೋಟುಗಳನ್ನು ಕಟ್ಟುತ್ತಿದ್ದ ಕುಶಲಿಗಳ ಬಳಿ ಹೋಗಿ ಬೇರೆಯಾಗಿ ಕಟ್ಟಿಸಿಕೊಳ್ಳುತ್ತಿದ್ದರು. ಅಮೇರಿಕಾ ಸಂಯುಕ್ತ ಸಂಸ್ಥಾನದ ಲಾಸ್ ಏಂಜಲೀಸಿನಲ್ಲಿ ಅಂಥದೊಂದು ಸಾರೋಟು ಕಟ್ಟುವ ಮನೆತನದಲ್ಲಿ ೧೮೯೩ರಲ್ಲಿ ಹಾರ್ಲಿ ಅರ್ಲ್ ಅವರು ಜನಿಸಿದರು. ಚಲಚ್ಚಿತ್ರದ ನಟರಿಗೆ ವಿಚಿತ್ರವಿಚಿತ್ರವಾದ ಗಾಡಿಗಳನ್ನು ಕಟ್ಟಿಕೊಟ್ಟು ಹೆಸರು ಪಡೆದಿದ್ದ ಇವರನ್ನು ಜನರಲ್ ಮೋಟಾರ್ಸ್ ಸಂಸ್ಥೆಯವರು ಕರೆಯಿಸಿಕೊಂಡು, ೧೯೨೭ರಲ್ಲಿ ಲಾಸಾಲ್ ಎಂಬ ಗಾಡಿಯ ರೂಪವನ್ನು ಇವರಿಂದ ಮಾಡಿಸಿದರು. ಅದು ಜನರ ಮನಸ್ಸನ್ನು ಗೆದ್ದಿತು. ಎಲ್ಲರಿಗೂ ಗಾಡಿಯುಂಟಾದ ಮೇಲೆ ಆರಿಸುವುದು ಕಣ್ಣು ಎಂಬುದನ್ನು ಅರಿತಿದ್ದ ಆ ಸಂಸ್ಥೆಯ ಅಧ್ಯಕ್ಷ ಆಲ್ಫ್ರೆಡ್ ಸ್ಲೋನ್ ಅವರು ಅದೇ ವರ್ಷ ‘ಕಲೆ ಮತ್ತು ಬಣ್ಣ’ ಎಂಬ ಹೆಸರಿನ ಒಂದು ಶಾಖೆಯನ್ನು ತೆರೆದು ಅದನ್ನು ಅರ್ಲ್ ಅವರ ವಶಕ್ಕೆ ಒಪ್ಪಿಸಿದರು.

ಆ ಶಾಖೆಯ ಕೆಲಸದ ಕ್ರಮವು ಹೀಗಿದ್ದಿತು. ಚಿತ್ರಕಾರರು ಮೊದಲು ಸೀಸದ ಕಡ್ಡಿಯಿಂದ ಹತ್ತಾರು ರೂಪಗಳನ್ನು ಗೀಚುವರು. ಅವುಗಳಲ್ಲಿ ಒಪ್ಪಿಗೆಯಾದುದನ್ನು ಬಣ್ಣ ತುಂಬಿ ಬೆಳಕು ನೆರಳುಗಳೊಡನೆ ದೊಡ್ಡದಾಗಿ ಬರೆಯುವರು. ಬಳಿಕ ಮರದ ಚೌಕಟ್ಟಿನ ಮೇಲೆ ಜೇಡಿಮಣ್ಣನ್ನು ಮೆತ್ತಿ ಕೆತ್ತಿ, ಆ ಚಿತ್ರಕ್ಕೆ ಮೈಯನ್ನು ಕೊಡುವರು. ೧೯೩೮ರಲ್ಲಿ ಅಲ್ಲಿ ಸಿದ್ಧವಾದ ‘ವೈ-ಜಾಬ್’ ಎಂಬ ಬ್ಯೂಯಿಕ್ ಗಾಡಿಯನ್ನು ಮೊಟ್ಟಮೊದಲ ಕಲ್ಪನೆಯ ಗಾಡಿಯೆಂದು ಸಾಮಾನ್ಯವಾಗಿ ಎಣಿಸುತ್ತಾರೆ. ಅದರ ಉದ್ದವು ೧೭ ಅಡಿಗೂ ಹೆಚ್ಚು. ಹತ್ತುವುದಕ್ಕೆ ಪಕ್ಕದ ಹಲಗೆಗಳಿರಲಿಲ್ಲ. ದೀಪಗಳು ಬೇಡವಾದಾಗ ಮರೆಯಾಗುತ್ತಿದ್ದವು. ಕಿಟಕಿಯ ಗಾಜುಗಳು ವಿದ್ಯುಚ್ಛಕ್ತಿಯಿಂದ ಏರಿಳಿಯುತ್ತಿದ್ದವು. ಇಂಥ ಗಾಡಿಯು ಅದೊಂದೇ. ಅರ್ಲ್ ಅವರೇ ಅದನ್ನು ನಡೆಸಿಕೊಂಡು ಊರೆಲ್ಲ ತಿರುಗುತ್ತಿದ್ದರು. ಮಹಾಯುದ್ಧವು ಮುಗಿದ ಮೇಲೆ ಈ ಪದ್ಧತಿಯು ದೊಡ್ಡ ಉತ್ಸವವಾಗಿ ಬೆಳೆಯಿತು. ೧೯೫೩ರ ಜನವರಿಯಲ್ಲಿ ನ್ಯೂಯಾರ್ಕಿನ ಪ್ರದರ್ಶನದಲ್ಲಿ ಕಲ್ಪನೆಯ ಗಾಡಿಯಾಗಿ ತೋರಿಸಿದ ಕಾರ್ವೆಟ್‌ಗೆ ಜನರು ಎಷ್ಟು ಮರುಳಾದರೆಂದರೆ, ಅದೇ ಜೂನ್ ತಿಂಗಳಿನಲ್ಲಿ ಅದರ ತಯಾರಿಕೆಯು ಪ್ರಾರಂಭವಾಗಿ, ಮೊದಲನೆಯ ವರ್ಷ ೩೦೦ ಗಾಡಿಗಳು ಹೊರಬಂದವು.

ಇಲ್ಲಿ ಒಂದು ಸಂಗತಿಯನ್ನು ವಾಚಕರು ಗಮನಿಸಬೇಕು. ಅರ್ಲ್ ಅವರು ತಮ್ಮ ಕೈಯಿಂದ ಬರೆದುದು ಕಡಿಮೆ. ಬರೆಯುವವರ ಹಿಂದೆ ನಿಂತು, ‘ಇದನ್ನು ತಗ್ಗಿಸು, ಅದನ್ನು ನೀಳವಾಗಿಸು’ ಎಂದು ಮಾತಿನಿಂದ ತಿದ್ದುವುದೇ ಅವರ ರೀತಿ. ಚರಿತ್ರೆಯಲ್ಲಿ ಅವರ ಹೆಸರು ನಿಂತಿತು. ಬರೆದ ಕೈಗಳಲ್ಲಿ ಹೆಚ್ಚಿನವುಗಳ ಹೆಸರು ನಿಲ್ಲಲಿಲ್ಲ. ಅಷ್ಟೇ ಅಲ್ಲ, ಡೆಟ್ರಾಯ್ಟಿನ ಕಾರ್ಖಾನೆಗಳಲ್ಲಿ ಬರೆದ ಚಿತ್ರಗಳೆಲ್ಲವೂ ಸಂಸ್ಥೆಯ ಸ್ವತ್ತು. ಗುಟ್ಟು ಹೊರಬೀಳಬಾರದೆಂದು, ಕೆಲಸವು ತೀರಿದ ಮೇಲೆ ಅವನ್ನು ರಾಶಿರಾಶಿಯಾಗಿ ನಾಶಮಾಡುತ್ತಿದ್ದರು. ಇಂದು ಉಳಿದಿರುವ ಚಿತ್ರಗಳಲ್ಲಿ ಅನೇಕವು, ಬರೆದವರೇ ಮನಸ್ಸು ತಡೆಯಲಾರದೆ ಕಣ್ಣುತಪ್ಪಿಸಿ ಮನೆಗೆ ಒಯ್ದವು. ಅದೇ ಊರಿನ ಕಲಾಸಂಗ್ರಹಾಲಯವು ೨೦೨೦ರಲ್ಲಿ ಗಾಡಿಗಳ ಪಕ್ಕದಲ್ಲಿ ಇಂಥ ಚಿತ್ರಗಳನ್ನೂ ಗೌರವದಿಂದ ಪ್ರದರ್ಶಿಸಿತು. ಒಂದು ಕಾಲದಲ್ಲಿ ಕಳವೆನಿಸಿದುದು ಇನ್ನೊಂದು ಕಾಲದಲ್ಲಿ ನಿಧಿಯಾಯಿತು.

ಇನ್ನು ನಮ್ಮ ಕಥೆಯು ಫ್ರಾನ್ಸ್ ದೇಶಕ್ಕೆ ಹೋಗಬೇಕಾಗಿದೆ. ಚಿತ್ರವನ್ನು ಬರೆದಮಾತ್ರಕ್ಕೆ ಗಾಡಿಯಾಗದಷ್ಟೆ. ಚಿತ್ರದ ಬಾಗು ಮಣ್ಣಿನ ಮಾದರಿಗೂ, ಅಲ್ಲಿಂದ ಪೂರ್ಣ ಪ್ರಮಾಣದ ನಕ್ಷೆಗೂ, ನಕ್ಷೆಯಿಂದ ತಗಡನ್ನು ಒತ್ತುವ ಉಕ್ಕಿನ ಅಚ್ಚಿಗೂ ಸಾಗಬೇಕು. ಹಡಗು ಕಟ್ಟುವವರಿಂದ ಕಲಿತ ವಿದ್ಯೆಯಂತೆ, ಬಳುಕುವ ತೆಳು ಪಟ್ಟಿಯನ್ನು ಸೀಸದ ತೂಕಗಳಿಂದ ಅಲ್ಲಲ್ಲಿ ಒತ್ತಿಹಿಡಿದು ಅದರ ಅಂಚಿನಲ್ಲಿ ಗೆರೆಯೆಳೆಯುತ್ತಿದ್ದರು. ಒಂದೊಂದು ಹಂತದಲ್ಲಿಯೂ ಕೂದಲೆಳೆಯಷ್ಟು ವ್ಯತ್ಯಾಸವು ಬಂದು, ಕೊನೆಗೆ ಬಾಗಿಲು ಚೌಕಟ್ಟಿಗೆ ಕೂಡದಾಗುವುದು. ಯಾವುದು ಸರಿಯಾದ ರೂಪವೆಂಬುದಕ್ಕೇ ಪ್ರಮಾಣವಿಲ್ಲದಾಗುವುದು. ರೆನೋ ಸಂಸ್ಥೆಯ ಇಂಜಿನಿಯರಾಗಿದ್ದ ಪಿಯೆರ್ ಬೆಜಿಯೆ ಅವರು ಇದನ್ನು ಕಂಡು ಬೇಸತ್ತು, ಬಾಗುಗೆರೆಯನ್ನು ಅಂಕಗಳಲ್ಲಿಯೇ ಹೇಳುವ ಮಾರ್ಗವನ್ನು ೧೯೬೦ರ ಸುಮಾರಿನಲ್ಲಿ ಹುಡುಕತೊಡಗಿದರು. ಅಂಕಗಳಿಗೆ ಸವಕಳಿಯಿಲ್ಲ; ಪ್ಯಾರಿಸಿನಲ್ಲಿ ಬರೆದ ಗೆರೆಯು ಮತ್ತೊಂದು ಊರಿನ ಯಂತ್ರದಲ್ಲಿಯೂ ಅದೇ ಗೆರೆಯಾಗಿರುವುದು. ಅವರ ಪದ್ಧತಿಗೆ ‘ಯೂನಿಸರ್ಫ್’ ಎಂದು ಹೆಸರು.

ಆದರೆ ಅದೇ ದೇಶದ ಸಿಟ್ರೋಯೆನ್ ಕಾರ್ಖಾನೆಯಲ್ಲಿ ಪಾಲ್ ದ ಕಾಸ್ತೆಲ್ಜೊ ಎಂಬ ತರುಣ ಗಣಿತಜ್ಞರು ೧೯೫೯ರಲ್ಲಿಯೇ ಈ ವಿದ್ಯೆಯನ್ನು ಕಂಡುಕೊಂಡಿದ್ದರು. ಅದರ ಸಾರವು ಸುಲಭವಾದುದು. ಕಾಗದದ ಮೇಲೆ ನಾಲ್ಕು ಚುಕ್ಕೆಗಳನ್ನು ಇಟ್ಟು, ಅವನ್ನು ಕ್ರಮವಾಗಿ ಮೂರು ನೇರ ಗೆರೆಗಳಿಂದ ಕೂಡಿಸಿ. ಪ್ರತಿಯೊಂದು ಗೆರೆಯ ಮೇಲೆಯೂ ಒಂದೇ ಪ್ರಮಾಣದ ದೂರದಲ್ಲಿ, ಅಂದರೆ ಎಲ್ಲದರಲ್ಲಿಯೂ ಅರ್ಧಕ್ಕೆ ಇಲ್ಲವೆ ಎಲ್ಲದರಲ್ಲಿಯೂ ಮೂರರಲ್ಲೊಂದು ಪಾಲಿಗೆ, ಒಂದೊಂದು ಚುಕ್ಕೆಯನ್ನಿಡಿ. ಈ ಮೂರು ಚುಕ್ಕೆಗಳನ್ನು ಕೂಡಿಸಿದರೆ ಎರಡು ಗೆರೆಗಳಾಗುವುವು. ಅವುಗಳ ಮೇಲೆ ಅದೇ ಪ್ರಮಾಣದಲ್ಲಿ ಎರಡು ಚುಕ್ಕೆಗಳನ್ನಿಟ್ಟು ಕೂಡಿಸಿದರೆ ಒಂದು ಗೆರೆ. ಅದರ ಮೇಲೆ ಅದೇ ಪ್ರಮಾಣದಲ್ಲಿ ಒಂದು ಚುಕ್ಕೆ. ಪ್ರಮಾಣವನ್ನು ಸೊನ್ನೆಯಿಂದ ಒಂದರವರೆಗೆ ಬೆಳೆಸುತ್ತ ಹೋದರೆ, ಆ ಕೊನೆಯ ಚುಕ್ಕೆಯು ಹಾದುಹೋದ ದಾರಿಯೇ ನಯವಾದ ಬಾಗುಗೆರೆ. ನಮ್ಮ ಹೆಣ್ಣುಮಕ್ಕಳು ಹೊಸಿಲ ಮುಂದೆ ಚುಕ್ಕೆಯಿಟ್ಟು ರಂಗೋಲಿಯ ಎಳೆಯನ್ನು ಬಳಸುವುದನ್ನು ಬಲ್ಲ ವಾಚಕರಿಗೆ, ಚುಕ್ಕೆಯು ಗೆರೆಯನ್ನು ಆಳುವುದೆಂಬ ಮಾತು ಹೊಸದೆನಿಸದು.

ಸಿಟ್ರೋಯೆನ್ ಸಂಸ್ಥೆಯವರು ಈ ವಿದ್ಯೆಯನ್ನು ವ್ಯಾಪಾರದ ಗುಟ್ಟೆಂದು ಮುಚ್ಚಿಟ್ಟರು. ಬೆಜಿಯೆ ಅವರಾದರೋ ತಮ್ಮ ಪದ್ಧತಿಯನ್ನು ಲೇಖನಗಳಲ್ಲಿ ಪ್ರಕಟಿಸಿದರು. ಪರಿಣಾಮವಾಗಿ ಲೋಕವು ಆ ರೇಖೆಗೆ ‘ಬೆಜಿಯೆ ರೇಖೆ’ ಎಂದು ಹೆಸರಿಟ್ಟಿತು. ೧೯೭೦ರ ದಶಕದಲ್ಲಿ ಮುಚ್ಚಿಟ್ಟ ಬರಹಗಳ ಸುಳಿವು ಹೊರಬಿದ್ದ ಮೇಲೆ ಮೇಲೆ ಹೇಳಿದ ಚುಕ್ಕೆಗಳ ಕ್ರಮಕ್ಕೆ ಕಾಸ್ತೆಲ್ಜೊ ಅವರ ಹೆಸರು ಬಂದಿತಾದರೂ, ರೇಖೆಯ ಹೆಸರು ಬದಲಾಗಲಿಲ್ಲ. ೨೦೧೨ರಲ್ಲಿ ಈ ಶಾಸ್ತ್ರದ ವಿದ್ವಾಂಸರು ಅವರನ್ನು ಗೌರವಿಸಿದರು. ಆ ಪ್ರಶಸ್ತಿಯ ಹೆಸರೂ ‘ಬೆಜಿಯೆ ಪ್ರಶಸ್ತಿ’ಯೇ! ೨೦೨೨ರಲ್ಲಿ ಅವರು ತೀರಿಕೊಂಡರು. ಇದರಲ್ಲಿ ಬೆಜಿಯೆ ಅವರ ದೋಷವೇನೂ ಇಲ್ಲ. ಅವರು ತಮ್ಮ ದಾರಿಯಲ್ಲಿ ತಾವೇ ನಡೆದವರು. ಬೀರುವಿನ ಬೀಗವು ಒಬ್ಬನ ವಿದ್ಯೆಯನ್ನು ಕಾಯುವಾಗ ಅವನ ಹೆಸರನ್ನೂ ಒಳಗಿಟ್ಟು ಮುಚ್ಚುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವು ಬೇಡ.

ಇತ್ತ ಗಣಕಯಂತ್ರದ ಗಾಜಿನ ಮೇಲೆ ಬರೆಯುವ ವಿದ್ಯೆಯೂ ಬೆಳೆಯುತ್ತಿದ್ದಿತು. ೧೯೬೩ರಲ್ಲಿ ಅಮೇರಿಕೆಯ ಐವಾನ್ ಸದರ್‌ಲೆಂಡ್ ಅವರು ಬೆಳಕಿನ ಲೇಖನಿಯಿಂದ ನೇರವಾಗಿ ತೆರೆಯ ಮೇಲೆ ಗೆರೆಯೆಳೆದು ತಿದ್ದುವ ಕ್ರಮವನ್ನು ತೋರಿಸಿದರು. ಮರುವರ್ಷವೇ ಜನರಲ್ ಮೋಟಾರ್ಸ್ ಮತ್ತು ಐಬಿಎಂ ಸಂಸ್ಥೆಗಳು ಕೂಡಿ ಗಾಡಿಗಳ ನಕ್ಷೆಗಾಗಿಯೇ ಮಾಡಿದ ಒಂದು ಯಂತ್ರವನ್ನು ಬಹಿರಂಗಪಡಿಸಿದವು. ೧೯೮೪ರ ಪೋಸ್ಟ್‌ಸ್ಕ್ರಿಪ್ಟ್, ೧೯೮೭ರ ಇಲ್ಲಸ್ಟ್ರೇಟರ್ ಎಂಬ ತಂತ್ರಾಂಶಗಳ ಮೂಲಕ ಬೆಜಿಯೆ ರೇಖೆಯು ಕಾರ್ಖಾನೆಯನ್ನು ಬಿಟ್ಟು ಮುದ್ರಣಾಲಯಕ್ಕೂ ಚಿತ್ರಕಾರನ ಮೇಜಿಗೂ ಬಂದಿತು. ೧೯೯೦ರಲ್ಲಿ ಫೋಟೋಶಾಪ್ ಬಂದ ಮೇಲೆ ಬಣ್ಣ, ಬೆಳಕು, ನೆರಳುಗಳೂ ಅದನ್ನು ಅನುಸರಿಸಿದವು.

ಹೀಗೆ ಕಾರ್ಖಾನೆಯ ಹಂಗಿಲ್ಲದೆ ಗಾಡಿಯನ್ನು ಬರೆಯುವುದು ಸಾಧ್ಯವಾಯಿತು. ಇದಕ್ಕೆ ಹಿರಿಯ ಮೇಲ್ಪಂಕ್ತಿಯೆಂದರೆ ಸಿಡ್ ಮೀಡ್ ಅವರದು. ೧೯೫೯ರಲ್ಲಿ ಫೋರ್ಡ್ ಸಂಸ್ಥೆಯನ್ನು ಸೇರಿ, ಎರಡೇ ವರ್ಷಗಳಲ್ಲಿ ಅದನ್ನು ಬಿಟ್ಟು, ಇನ್ನೂ ಬಾರದ ಕಾಲದ ಗಾಡಿಗಳನ್ನು ಬಣ್ಣ ಕುಂಚಗಳಿಂದಲೇ ಅವರು ಬರೆದರು. ೧೯೮೨ರ ‘ಬ್ಲೇಡ್ ರನ್ನರ್’ ಚಲಚ್ಚಿತ್ರದ ಹಾರುವ ಗಾಡಿಯು ಅವರ ಕಲ್ಪನೆ. ಅದೇ ವರ್ಷ ‘ಟ್ರಾನ್’ ಚಿತ್ರಕ್ಕಾಗಿ ಅವರು ಕಲ್ಪಿಸಿದ ಬೆಳಕಿನ ಮೋಟಾರು ಸೈಕಲ್ಲು ಗಣಕಯಂತ್ರದ ಚಿತ್ರವಾಗಿ ತೆರೆಯ ಮೇಲೆ ಓಡಿತು. ಫೋಕ್ಸ್‌ವಾಗನ್ ಸಂಸ್ಥೆಯಲ್ಲಿ ಕೆಲಸಮಾಡಿದ್ದ ಡೇನಿಯಲ್ ಸೈಮನ್ ಅವರು ೨೦೦೭ರಲ್ಲಿ, ಎಲ್ಲಿಯೂ ಇಲ್ಲದ ಸಂಸ್ಥೆಯೊಂದರ ಗಾಡಿಗಳನ್ನು ಬರೆದು ‘ಕಾಸ್ಮಿಕ್ ಮೋಟರ್ಸ್’ ಎಂಬ ಗ್ರಂಥವನ್ನೇ ಪ್ರಕಟಿಸಿದರು. ೨೦೧೩ರಲ್ಲಿ ಮರ್ಸಿಡಿಸ್ ಬೆನ್ಜ್ ಸಂಸ್ಥೆಯೇ ಗಣಕಯಂತ್ರದ ಆಟವೊಂದಕ್ಕೆಂದು ಗಾಡಿಯನ್ನು ಕಲ್ಪಿಸಿ, ಅನಂತರ ಅದರ ಪೂರ್ಣ ಪ್ರಮಾಣದ ಮಾದರಿಯನ್ನು ಮಾಡಿ ತೋರಿಸಿತು.

ಇಂದಿನ ಚಿತ್ರಕಾರನ ಸಾಧನೆಯಾದರೂ ಸಾಮಾನ್ಯವಲ್ಲ. ಅವನು ಮೊದಲು ಚಕ್ರಗಳನ್ನು ನಿಲ್ಲಿಸುತ್ತಾನೆ. ಎರಡು ಚಕ್ರಗಳ ನಡುವೆ ಎಷ್ಟು ಚಕ್ರಗಳು ಹಿಡಿಸುವುವೆಂಬ ಲೆಕ್ಕದಿಂದಲೇ ಗಾಡಿಯ ಪ್ರಮಾಣವು ನಿಶ್ಚಯವಾಗುತ್ತದೆ. ಓರೆಯಾಗಿ ನೋಡಿದ ಚಕ್ರವು ಅಂಡಾಕೃತಿಯಾಗುವುದು. ಅದು ತುಸು ತಪ್ಪಿದರೂ ಗಾಡಿಯೆಲ್ಲ ಕುಂಟುವುದು. ಮೆರುಗಿನ ಮೈ ಕನ್ನಡಿಯಂತಿರುವುದರಿಂದ, ಮೇಲ್ಮುಖದ ಭಾಗಗಳಲ್ಲಿ ಆಕಾಶವನ್ನೂ ಕೆಳಮುಖದ ಭಾಗಗಳಲ್ಲಿ ನೆಲವನ್ನೂ ಬರೆಯಬೇಕು. ಹಲಗೆಯಾಗಲಿ ಲೇಖನಿಯಾಗಲಿ ಇದನ್ನು ತಾನಾಗಿ ಕಲಿಸದು. ಅರ್ಲ್ ಅವರ ಶಾಖೆಯ ಚಿತ್ರಕಾರನು ಕಲಿತುದನ್ನೇ ಇವನೂ ಕಲಿಯಬೇಕು. ಯಾರಾದರೊಬ್ಬರು ತಮ್ಮ ಹಳೆಯ ಗಾಡಿಯು ಹೊಸ ಒಡಲಿನಲ್ಲಿ ಹೇಗೆ ಕಂಡೀತೆಂದು ಕೇಳಿ ಹಣಕೊಟ್ಟು ಬರೆಯಿಸುವುದೂ ಈಗ ವಾಡಿಕೆಯಾಗಿದೆ. ಸಾರೋಟಿನ ಕುಶಲಿಯ ಬಳಿಗೆ ಗಿರಾಕಿಯು ಹೋಗುತ್ತಿದ್ದ ಹಳೆಯ ಪದ್ಧತಿಯು ಒಂದು ಸುತ್ತನ್ನು ಸುತ್ತಿ ಮರಳಿ ಬಂದಂತಾಯಿತು.

ಪ್ರಶ್ನೆಯೂ ಮರಳಿ ಬಂದಿದೆ. ಬರೆದ ಚಿತ್ರವು ಕ್ಷಣಮಾತ್ರದಲ್ಲಿ ಲೋಕವನ್ನು ಸುತ್ತುವುದು. ಬರೆದವನ ಹೆಸರು ದಾರಿಯಲ್ಲಿಯೇ ಕಳಚಿಬೀಳುವುದು. ಮಾತನ್ನು ಕೊಟ್ಟರೆ ಚಿತ್ರವನ್ನು ಕೊಡುವ ಯಂತ್ರಗಳು ೨೦೨೨ರಿಂದೀಚೆಗೆ ಜನರ ಕೈಗೆ ಬಂದಿವೆ. ಅವು ಕಲಿತುದು ಇಂಥ ಅಸಂಖ್ಯಾತ ಚಿತ್ರಗಳನ್ನು ನೋಡಿಯೇ. ಅಂದು ಗೆರೆಯು ಬೀಗದೊಳಗೆ ಹೆಸರನ್ನು ಕಳೆದುಕೊಂಡಿತು. ಇಂದು ಬಯಲಿನಲ್ಲಿ ಕಳೆದುಕೊಳ್ಳುತ್ತಿದೆ. ವಿದ್ಯೆಯನ್ನು ಮುಚ್ಚಿಡದೆ ಹಂಚಬೇಕು, ಹಂಚುವಾಗ ಹೆಸರನ್ನು ಹೇಳಬೇಕು ಎಂಬೆರಡು ಮಾತುಗಳನ್ನು ಈ ಚರಿತ್ರೆಯು ನಮಗೆ ಕಲಿಸುತ್ತದೆ.

ಇದೆಲ್ಲವೂ ದೂರದ ದೇಶದ ಸಂಗತಿಯೆಂದು ವಾಚಕರು ತಿಳಿಯಬೇಕಾಗಿಲ್ಲ. ಇಂದು ಗಣಕಯಂತ್ರದಲ್ಲಿ ಜೋಡಿಸಿ ಅಚ್ಚುಮಾಡುವ ಕನ್ನಡ ಅಕ್ಷರಗಳ ಒಂದೊಂದು ಬಳುಕೂ ಅದೇ ಬಗೆಯ ರೇಖೆಗಳಿಂದಾದುದು. ದುಂಡಗಿನ ನಮ್ಮ ಲಿಪಿಗೆ ಆ ರೇಖೆಯು ಎಷ್ಟು ಚೆನ್ನಾಗಿ ಒಗ್ಗಿದೆಯೆಂಬುದನ್ನು ‘ಕ’ಕಾರವೊಂದನ್ನು ದಿಟ್ಟಿಸಿ ನೋಡಿದರೆ ತಿಳಿದೀತು. ಮನೆಯ ಮಗುವು ಹಲಗೆಯ ಮೇಲೆ ಇಲ್ಲದ ಗಾಡಿಯೊಂದನ್ನು ಬರೆಯುತ್ತಿರುವುದನ್ನು ಕಂಡರೆ ಹಿರಿಯರು ಗದರಿಸದೆ ಒಂದು ಕ್ಷಣ ನಿಂತು ನೋಡಲಿ. ಚಿತ್ರದ ಮೂಲೆಯಲ್ಲಿ ಹೆಸರನ್ನು ಬರೆಯೆಂದು ಹೇಳಲಿ.