ಉಕ್ಕಿನ ಮೈಯ ಗಾರೆ

ಹಸಿಗಾರೆಯ ಮೇಲೆ ಕರಣೆಯ ಅಂಚಿನಿಂದ ಗೀರೆಳೆದು, ಮೇಲೆ ಬರಲಿರುವ ಪದರಕ್ಕೆ ಹಿಡಿತ ಮಾಡಿಕೊಡುವ ಗಾರೆಕೆಲಸದವನನ್ನು, ಮನೆ ಕಟ್ಟುವೆಡೆಯಲ್ಲಿ ಒಂದು ಗಳಿಗೆ ನಿಂತು ನೋಡದವರು ವಿರಳ. ಅದೇ ಕರಣೆಯೂ ಅದೇ ಗೀರೂ ಎರಡನೆಯ ಮಹಾಯುದ್ಧದ ಕಡೆಯ ವರ್ಷಗಳಲ್ಲಿ, ಜರ್ಮನಿಯ ಕಾರ್ಖಾನೆಗಳೊಳಗೆ, 45 ಟನ್ ತೂಗುವ ಪ್ಯಾಂಥರ್, 57 ಟನ್ ತೂಗುವ ಟೈಗರ್ ಮೊದಲಾದ ಟ್ಯಾಂಕುಗಳ ಉಕ್ಕಿನ ಮೈಮೇಲೆ ಆಡಿದ್ದುವೆಂಬುದನ್ನು ನಾನು ಅರಿತದ್ದು, ಅಂಗೈಯುದ್ದದ ಒಂದು ಪ್ಲಾಸ್ಟಿಕ್ ಮಾದರಿಯ ಪಕ್ಕಗಳಿಗೆ ಅಂಟಿಸಲೆಂದು ತರಿಸಿಕೊಂಡ, ಉಗುರಿನಷ್ಟು ತೆಳ್ಳನೆಯ ರೆಸಿನ್ ಹಾಳೆಯೊಂದರಿಂದ. ಆ ಹಾಳೆಯ ಉದ್ದಕ್ಕೂ ಸಾಲುಗಟ್ಟಿದ್ದ ನೂರಾರು ಏಣುಗಳನ್ನು ಬೆರಳತುದಿಯಿಂದ ಸವರಿದಾಗ, ಇವುಗಳನ್ನು ಮೊದಲು ಎಳೆದ ಕೈ ಯಾವುದು, ಏತಕ್ಕೆ ಎಳೆಯಿತು ಎಂಬ ಕುತೂಹಲವು ಹುಟ್ಟಿ, ಇಂದಿಗೂ ತಣಿಯದೆ ಉಳಿದಿದೆ.

ಟ್ಯಾಂಕುಗಳ ಮೈಗೆ ಬಳಿಯುತ್ತಿದ್ದ ಆ ಲೇಪಕ್ಕೆ ಜಿಮ್ಮರಿಟ್ ಎಂದು ಹೆಸರು. ಆ ಹೆಸರು ಅದನ್ನು ಸಿದ್ಧಪಡಿಸಿದ ಜಿಮ್ಮರ್ ಎಂಬ ರಾಸಾಯನಿಕ ಸಂಸ್ಥೆಯಿಂದ ಬಂದದ್ದು. 1942ರ ಕೊನೆಯ ಹೊತ್ತಿಗೆ ಜರ್ಮನ್ ಸೈನ್ಯವು ಮೂರು ಅಯಸ್ಕಾಂತಗಳ ಕಾಲುಳ್ಳ, ಸುಮಾರು 3 ಕಿಲೋ ತೂಕದ ಸಿಡಿಮದ್ದೊಂದನ್ನು ತನ್ನ ಕಾಲಾಳುಗಳ ಕೈಗೆ ಕೊಟ್ಟಿತ್ತು. ಸೈನಿಕನು ಟ್ಯಾಂಕಿನ ಬಳಿಗೆ ಓಡಿಹೋಗಿ ಅದನ್ನು ಉಕ್ಕಿಗೆ ಕಚ್ಚಿಸಿ ಹಿಂದೆ ಸರಿಯಬೇಕು. ಇಂಥದನ್ನು ನಾವು ಮಾಡಬಲ್ಲೆವಾದರೆ ಹಗೆಗಳೂ ನಾಳೆ ಮಾಡಿಯಾರೆಂಬ ಅಂಜಿಕೆಯೇ ಈ ಲೇಪದ ಜನ್ಮಕಾರಣ. ಅಯಸ್ಕಾಂತದ ಸೆಳೆತವು ದೂರ ಹೆಚ್ಚಿದಂತೆ ಅತಿ ಶೀಘ್ರವಾಗಿ ಕುಂದುವುದರಿಂದ, ಉಕ್ಕಿಗೂ ಸಿಡಿಮದ್ದಿಗೂ ನಡುವೆ ಕೆಲವೇ ಮಿಲಿಮೀಟರುಗಳ ಅಂತರವನ್ನು ಕಲ್ಪಿಸಿದರೆ ಸಾಕಿತ್ತು. ಮೇಲ್ಮೈಯನ್ನು ಏಣುಏಣಾಗಿಸಿದರೆ ತೂಕವು ಹೆಚ್ಚದೆಯೇ ಅಂತರವು ಹೆಚ್ಚುತ್ತಿತ್ತು. ನೂರಕ್ಕೆ 40 ಪಾಲು ಬೇರಿಯಂ ಸಲ್ಫೇಟ್, 25 ಪಾಲು ಪಾಲಿವೈನಿಲ್ ಅಸಿಟೇಟ್, 15 ಪಾಲು ಹಳದಿ ಕಾವಿ, ಉಳಿದಂತೆ ಸತುವಿನ ಸಲ್ಫೈಡ್ ಹಾಗೂ ಮರದ ಹೊಟ್ಟು, ಇದು ಅದರ ಪಾಕ. ನಮ್ಮ ಬಡಗಿಗಳು ದಿನನಿತ್ಯ ಬಳಸುವ ಬಿಳಿಯ ಅಂಟಿನ ಮೂಲದ್ರವ್ಯವೂ, ಅವರ ಗರಗಸದಡಿಯಲ್ಲಿ ಉದುರುವ ಹೊಟ್ಟೂ ಇಂಥ ಭೀಕರ ಯಂತ್ರಗಳ ಹೊದಿಕೆಯಲ್ಲಿ ಒಂದಾಗಿದ್ದುವೆಂಬುದು ನನಗೆ ಓದಿದಾಗಲೆಲ್ಲ ಸೋಜಿಗವೆನಿಸುತ್ತದೆ.

1943ರ ಉತ್ತರಾರ್ಧದಿಂದ ಈ ಲೇಪನವು ಕಾರ್ಖಾನೆಗಳಲ್ಲಿ ನಿತ್ಯದ ಕೆಲಸವಾಯಿತು. ಮೊದಲ ಪದರವನ್ನು ಬಳಿದು ಕರಣೆಯಿಂದ ಚೌಕಗಳಾಗಿ ಗೀರುವುದು, ಅದು ಆರಿದ ಬಳಿಕ ತೆಳುವಾದ ಎರಡನೆಯ ಪದರವನ್ನು ಬಳಿದು ಲೋಹದ ಹಣಿಗೆಯಿಂದ ಏಣೆಬ್ಬಿಸುವುದು, ತರುವಾಯ ಬ್ಲೋಲ್ಯಾಂಪಿನ ಉರಿಯಿಂದ ಕಾಯಿಸಿ ಗಟ್ಟಿಗೊಳಿಸುವುದು, ಹೀಗೆ ಸಾಗುತ್ತಿದ್ದ ಈ ಕೆಲಸದಲ್ಲಿ ಕಾರ್ಖಾನೆ ಕಾರ್ಖಾನೆಗೂ ಒಂದೊಂದು ಶೈಲಿಯಿತ್ತು. ಕಾಸೆಲ್ ನಗರದ ಹೆನ್ಶೆಲ್ ಕಾರ್ಖಾನೆಯ ಟೈಗರ್ ಟ್ಯಾಂಕುಗಳ ಮೇಲೆ ಅಡ್ಡ ಏಣುಗಳ ಸಾಲು. ಬರ್ಲಿನ್ನಿನ ಆಲ್ಕೆಟ್ ಕಾರ್ಖಾನೆಯ ಸ್ಟುಗ್ ಎಂಬ ದಾಳಿಫಿರಂಗಿ ವಾಹನಗಳ ಮೇಲೆ ಚೌಕುಳಿಯ ಬಲೆ. ಬಳಿದವನ ತೋಳು ಎಲ್ಲಿ ದಣಿಯಿತು, ಹಣಿಗೆ ಎಲ್ಲಿ ಜಾರಿತು ಎಂಬುದನ್ನು ಹಳೆಯ ಛಾಯಾಚಿತ್ರಗಳಲ್ಲಿ ಈಗಲೂ ಓದಬಹುದು. ಆ ಕಾಲದ ಜರ್ಮನಿಯ ಶಸ್ತ್ರೋದ್ಯಮವು ಪರದೇಶಗಳಿಂದ ಬಲಾತ್ಕಾರವಾಗಿ ತಂದ ಲಕ್ಷಾಂತರ ಮಂದಿಯ ದುಡಿಮೆಯ ಮೇಲೆ ನಿಂತಿತ್ತೆಂಬುದನ್ನು ನೆನೆದಾಗ, ಆ ಗೀರುಗಳನ್ನು ಬರಿಯ ಅಲಂಕಾರವೆಂದು ನೋಡುವುದು ನನ್ನಿಂದಾಗದು.

ಯಾವ ಆಯುಧಕ್ಕೆ ಅಂಜಿ ಇಷ್ಟೆಲ್ಲ ಮಾಡಿದರೋ ಅದನ್ನು ಎದುರಾಳಿಗಳು ದೊಡ್ಡ ಪ್ರಮಾಣದಲ್ಲಿ ಬಳಕೆಗೆ ತರಲೇ ಇಲ್ಲ. ಅಷ್ಟರಲ್ಲಿ ಗುಂಡೇಟಿಗೆ ಈ ಲೇಪವೇ ಹೊತ್ತಿಕೊಳ್ಳುತ್ತದೆಂಬ ವದಂತಿ ಹಬ್ಬಿ, 1944ರ ಸೆಪ್ಟೆಂಬರ್ 9ರಂದು ಕಾರ್ಖಾನೆಗಳಲ್ಲಿ ಅದನ್ನು ನಿಲ್ಲಿಸುವಂತೆ ಆಜ್ಞೆ ಹೊರಟಿತು. ಪರೀಕ್ಷೆಗಳಲ್ಲಿ ಆ ವದಂತಿ ಸುಳ್ಳೆಂದು ತಿಳಿದರೂ ಲೇಪನವು ಮತ್ತೆ ಆರಂಭವಾಗಲಿಲ್ಲ. ಇಂಗ್ಲೆಂಡಿನ ಬೊವಿಂಗ್ಟನ್ ಟ್ಯಾಂಕ್ ಸಂಗ್ರಹಾಲಯದಲ್ಲಿರುವ ಯಾಗ್ಡ್‌ಟೈಗರ್ ಎಂಬ ಟ್ಯಾಂಕ್‌ನಾಶಕ ವಾಹನದ ಮೈಮೇಲೆ ಆ ಒಂದು ವರ್ಷದ ಗಾರೆಯು ಇಂದಿಗೂ ಅಂಟಿಕೊಂಡಿದೆ.

ಇನ್ನು ಮಾದರಿಗಳ ಕಥೆ. ಯುದ್ಧವು ಮುಗಿದ ಮರುವರ್ಷ, 1946ರಲ್ಲಿ, ಜಪಾನಿನ ಶಿಜುಓಕಾ ನಗರದಲ್ಲಿ ಮರಮುಟ್ಟಿನ ವ್ಯಾಪಾರವಾಗಿ ಆರಂಭಗೊಂಡ ತಮಿಯಾ ಸಂಸ್ಥೆಯು, 1960ರ ದಶಕದ ಆದಿಯಲ್ಲಿ ಪ್ಯಾಂಥರ್ ಟ್ಯಾಂಕಿನ ಪ್ಲಾಸ್ಟಿಕ್ ಮಾದರಿಯೊಂದನ್ನು ಹೊರತಂದಿತು. ಒಳಗೆ ಮೋಟಾರೂ ಬ್ಯಾಟರಿಗಳೂ ಹಿಡಿಸಬೇಕೆಂದು ಗೊತ್ತುಮಾಡಿದ ಅದರ ಗಾತ್ರವು ಅಳೆದುನೋಡಿದಾಗ ಮೂಲದ 35ನೆಯ ಒಂದಂಶವಾಗಿತ್ತು. ಆ ಪ್ರಮಾಣವೇ ಮುಂದೆ ಜಗತ್ತಿನ ಟ್ಯಾಂಕ್ ಮಾದರಿಗಾರರ ರೂಢಿಯಾಯಿತು. ಆದರೆ ಬಹುಕಾಲದವರೆಗೆ ಪೆಟ್ಟಿಗೆಯಿಂದ ಹೊರಬರುತ್ತಿದ್ದ ಟ್ಯಾಂಕುಗಳ ಮೈ ನುಣುಪಾಗಿಯೇ ಇರುತ್ತಿತ್ತು. ಗಾರೆ ಬೇಕೆಂದವರು ಪುಟ್ಟಿಯನ್ನು ತೆಳುವಾಗಿ ಬಳಿದು, ಸಣ್ಣ ಸ್ಕ್ರೂಡ್ರೈವರಿನ ತುದಿಯನ್ನು ಸಾಲುಸಾಲಾಗಿ ಒತ್ತಬೇಕಾಗಿತ್ತು. ಕೆಲವರು ಕಾದ ಚಾಕುವಿನಿಂದ ಪ್ಲಾಸ್ಟಿಕ್ಕನ್ನೇ ಸುಟ್ಟು ಗೀರಿದರು. ನಿಜದ 5 ಮಿಲಿಮೀಟರು ಇಲ್ಲಿ 0.14 ಮಿಲಿಮೀಟರಿಗೆ ಇಳಿಯುವುದರಿಂದ, ಕೈ ಕೂದಲೆಳೆಯಷ್ಟು ತಪ್ಪಿದರೂ ಕಣ್ಣಿಗೆ ರಾಚುತ್ತಿತ್ತು.

ಈ ಕಷ್ಟಕ್ಕೆ ಪರಿಹಾರವಾಗಿ ಬಂದದ್ದು ರೆಸಿನ್ನಿನ ಎರಕ. ಒಬ್ಬ ನುರಿತ ಕುಶಲಿಯು ಎಪಾಕ್ಸಿ ಪುಟ್ಟಿಯಲ್ಲಿ ಒಮ್ಮೆ ಗೀರಿ ಸಿದ್ಧಪಡಿಸಿದ ಮೂಲದಿಂದ ಸಿಲಿಕೋನ್ ರಬ್ಬರಿನ ಅಚ್ಚು ತೆಗೆದು, ಎರಡು ದ್ರವಗಳನ್ನು ಬೆರೆಸಿದ ಪಾಲಿಯುರೆಥೇನನ್ನು ಅದರೊಳಗೆ ಹೊಯ್ದರೆ, ಅವನ ಕೈಯ ಪ್ರತಿ ನಡುಕವೂ ಹಾಳೆ ಹಾಳೆಯ ಮೇಲೆ ಮೂಡುತ್ತದೆ. ಪೋಲೆಂಡಿನ ಆಟಕ್ ಮೊದಲಾದ ಸಂಸ್ಥೆಗಳು ಆಯಾ ಕಾರ್ಖಾನೆಯ ಶೈಲಿಗೆ ಹೊಂದುವ ಹಾಳೆಗಳನ್ನು ಮಾರಿದುವು. ಪೆಟ್ಟಿಗೆಯ ಪ್ಲಾಸ್ಟಿಕ್ಕಿನಲ್ಲೇ ಏಣುಗಳನ್ನು ಮೂಡಿಸುವ ತಯಾರಕರೂ ತರುವಾಯ ಬಂದರು.

ಅಂಟಿಸುವ ಕೆಲಸಕ್ಕೆ ತಾಳ್ಮೆ ಬೇಕು. ಅಚ್ಚಿನ ಜಿಡ್ಡು ಹೋಗುವಂತೆ ಹಾಳೆಯನ್ನು ಸಾಬೂನುನೀರಿನಲ್ಲಿ ತೊಳೆಯಬೇಕು. ದೂಳು ಶ್ವಾಸಕ್ಕೆ ಸೇರದಂತೆ ಬೆನ್ನನ್ನು ನೀರಿನಲ್ಲೇ ಉಪ್ಪುಕಾಗದದಿಂದ ಉಜ್ಜಿ ತೆಳುಮಾಡಬೇಕು. ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆಯುವ ಅಂಟು ಇದಕ್ಕೆ ಹಿಡಿಯದು. ಕ್ಷಣದಲ್ಲಿ ಕಚ್ಚುವ ಸೈನೊಅಕ್ರಿಲೇಟೇ ಬೇಕು, ಆದ್ದರಿಂದ ಇಟ್ಟ ಜಾಗವನ್ನು ತಿದ್ದಲು ಎರಡನೆಯ ಅವಕಾಶವಿಲ್ಲ. ಪ್ಯಾಂಥರಿನ ಗೋಪುರದ ಬಾಗಿದ ಪಕ್ಕಕ್ಕೆ ಹಾಳೆಯನ್ನು ಬಿಸಿನೀರಿನಲ್ಲಿ ಅದ್ದಿ, ಮೆತ್ತಗಾದೊಡನೆ ಹೆಬ್ಬೆರಳಿನಿಂದ ಒತ್ತಿಹಿಡಿದಾಗ, ಅದು ಮೆಲ್ಲನೆ ಆ ಬಾಗಿಗೆ ಒಗ್ಗಿ ತಣ್ಣಗಾಗುವುದು ಬೆರಳಿಗೇ ತಿಳಿಯುತ್ತದೆ.

ನನ್ನ ಹಾಳೆಯ ಒಂದು ಮೂಲೆಯಲ್ಲಿ ಏಳೆಂಟು ಏಣುಗಳು ಉಳಿದವುಗಳಿಂದ ಓರೆಯಾಗಿ ಜಾರಿದ್ದುವು. ಮೊದಲು ಅದನ್ನು ದೋಷವೆಂದು ಬಗೆದು ಕತ್ತರಿಸಹೊರಟವನು, ಹಳೆಯ ಚಿತ್ರವೊಂದರಲ್ಲಿ ಅಂಥದೇ ಓರೆಯನ್ನು ಕಂಡು ಕೈ ಹಿಂದೆಗೆದುಕೊಂಡೆನು. ಅದರ ಕೆಳಗೆ, ಚಕ್ರದ ಕೆಸರು ಸದಾ ಬಡಿಯುವೆಡೆಯಲ್ಲಿ, ಚಾಕುವಿನ ಮೊನೆಯಿಂದ ಕಡಲೆಕಾಳಿನಷ್ಟು ಚಕ್ಕೆಯನ್ನು ಎಬ್ಬಿಸಿ, ಮುರಿದ ಅಂಚಿಗೆ ಹಳದಿ ಕಾವಿಯನ್ನೂ, ತಳದ ಉಕ್ಕಿಗೆ ಕೆಂಪು ಪ್ರೈಮರನ್ನೂ ಒಂದೊಂದೇ ಚುಕ್ಕೆಯಾಗಿ ಇಟ್ಟು, ದೀಪವನ್ನು ಹತ್ತಿರಕ್ಕೆ ಎಳೆದುಕೊಂಡೆನು.