ಹಿಂಜರಿ: ಒಂದು ಪದದ ವೃತ್ತಾಂತ

ಮಳೆಗಾಲದಲ್ಲಿ ಗದ್ದೆಯ ಬದುವಿನ ಮೇಲೆ ನಡೆದವರಿಗೆ ಈ ಅನುಭವ ಉಂಟು. ಮುಂದಕ್ಕೆಂದು ಹೆಜ್ಜೆಯಿಡುತ್ತೇವೆ, ಕೆಸರು ಜಾರಿ ಕಾಲು ಮೊದಲಿದ್ದ ಜಾಗಕ್ಕಿಂತ ಹಿಂದಕ್ಕೆ ಬರುತ್ತದೆ. ಹಿಂದಕ್ಕೆ ಬರಬೇಕೆಂದು ನಾವು ಬಯಸಿದ್ದಿಲ್ಲ. ನೆಲ ನಿಲ್ಲಗೊಡಲಿಲ್ಲ, ಅಷ್ಟೆ. ನಾವು ದಿನವೂ ಆಡುವ 'ಹಿಂಜರಿ' ಎಂಬ ಮಾತಿನೊಳಗೆ ಈ ಜಾರುವಿಕೆಯೇ ಅಡಗಿದೆ.

ಪದವನ್ನು ಬಿಡಿಸಿ ನೋಡಿ. 'ಹಿಂ' ಒಂದು, 'ಜರಿ' ಇನ್ನೊಂದು. ಮೊದಲನೆಯದು ಹಿಂಗಾಲು, ಹಿಂಬಾಗಿಲುಗಳಲ್ಲಿ ನಿಮಗೆ ಪರಿಚಿತವೇ. ಹಳಗನ್ನಡದಲ್ಲಿ ಅದಕ್ಕೆ ಪಕಾರವಿತ್ತು. 'ಹಿಂದೆ' ಎನ್ನುವಲ್ಲಿ 'ಪಿಂತೆ' ಎನ್ನುತ್ತಿದ್ದರು. ಪಾಲ್ ಹಾಲಾದಂತೆ, ಪುಲಿ ಹುಲಿಯಾದಂತೆ, 'ಪಿಂ' ಎಂಬುದು 'ಹಿಂ' ಆಯಿತು. ಹತ್ತನೆಯ ಶತಮಾನದಿಂದೀಚಿನ ಶಾಸನಗಳಲ್ಲಿ ಈ ಮಾರ್ಪಾಟು ಕಾಣತೊಡಗುತ್ತದೆ. ನೆರೆಯ ತಮಿಳಿನಲ್ಲಿ ಇಂದಿಗೂ 'ಪಿನ್' ಎಂದೇ ಉಳಿದಿದೆ.

ಇನ್ನು 'ಜರಿ'. ಸೀರೆಯ ಸೆರಗಿನ ಜರಿ ಇದಲ್ಲ; ಅದು ಚಿನ್ನವೆಂಬ ಅರ್ಥದ 'ಜರ್' ಎಂಬ ಪಾರಸಿ ಮಾತಿನಿಂದ ಬಂದದ್ದು. ಬೆಟ್ಟದಿಂದಿಳಿಯುವ ಝರಿಯೂ ಅಲ್ಲ, ಅದು ಸಂಸ್ಕೃತದ್ದು. ಇದು ಜಾರು, ಕುಸಿ ಎಂಬರ್ಥದ ಕನ್ನಡ ಕ್ರಿಯಾಪದ. 'ಗುಡ್ಡ ಜರಿಯಿತು' ಎಂದು ಮಲೆನಾಡು, ಕರಾವಳಿಗಳ ಜನ ಹೇಳುವುದನ್ನು ನೀವು ಕೇಳಿರಬಹುದು. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ, 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಆದದ್ದು ಇದೇ.

'ಹಿಂ' ಸೇರಿದ ಬೇರೆ ಕ್ರಿಯಾಪದಗಳೂ ಉಂಟು. ಸೈನ್ಯ ಹಿಮ್ಮೆಟ್ಟುತ್ತದೆ; ಅಂದರೆ ಹಿಂದಕ್ಕೆ ಮೆಟ್ಟುತ್ತದೆ, ತಾನಾಗಿ ಹೆಜ್ಜೆಯಿಡುತ್ತದೆ. ಕೊಟ್ಟ ಬೆಂಬಲವನ್ನು ಒಬ್ಬರು ಹಿಂದೆಗೆಯುತ್ತಾರೆ. ಅದೂ ಬೇಕೆಂದೇ ಮಾಡಿದ್ದು. ಹಿಂಜರಿಯುವವನ ಸಂಗತಿ ಬೇರೆ. ಅವನು ಮೆಟ್ಟಿದವನಲ್ಲ, ಜಾರಿದವನು.

ಕಾಲಿನ ಈ ಮಾತು ಕ್ರಮೇಣ ಮನಸ್ಸಿಗೆ ಏರಿತು. ಹಿಂಜರಿಕೆ ಎಂದರೆ ಈಗ ಸಂಕೋಚ, ಅಳುಕು. ವೈದ್ಯರ ಬಾಯಲ್ಲಿ ಕೇಳುವ 'ರಿಲ್ಯಾಪ್ಸ್' ಎಂಬ ಇಂಗ್ಲಿಷ್ ಪದದ ಲ್ಯಾಟಿನ್ ಮೂಲಕ್ಕೂ ಹಿಂದಕ್ಕೆ ಜಾರು ಎಂದೇ ಅರ್ಥ. ಅವರು ಆ ಚಿತ್ರವನ್ನು ಕಾಯಿಲೆಗೆ ಕೊಟ್ಟರು, ನಾವು ಮನಸ್ಸಿಗೆ ಕೊಟ್ಟೆವು. ನಮ್ಮಲ್ಲಿ ಜ್ವರ ಮರುಕಳಿಸುತ್ತದೆಯೇ ಹೊರತು ಹಿಂಜರಿಯುವುದಿಲ್ಲ.

ಈಚೆಗೆ ಈ ಪದ ಪೇಟೆಗೂ ಇಳಿದಿದೆ. 'ರಿಸೆಷನ್' ಎಂಬುದರ ಮೂಲಾರ್ಥ ಹಿಂದಕ್ಕೆ ಹೋಗುವುದು ಎಂದಷ್ಟೆ. ಕನ್ನಡದಲ್ಲಿ ಅದು 'ಆರ್ಥಿಕ ಹಿಂಜರಿತ'ವಾಯಿತು. ಹೋಗುವುದು ಹೋಗಿ ಜಾರುವುದು ಬಂತು. 2020ರಲ್ಲಿ ಕೊರೋನಾದ ಕಾಲದಲ್ಲಿ ನಮ್ಮ ದೇಶದ ಉತ್ಪನ್ನ ಸತತವಾಗಿ ಎರಡು ತ್ರೈಮಾಸಿಕಗಳಲ್ಲಿ ಕುಗ್ಗಿತು. ಆಗ ಕೆಲಸ ಕಳೆದುಕೊಂಡವರು ತಾವಾಗಿ ಹಿಂದಕ್ಕೆ ಹೆಜ್ಜೆಯಿಟ್ಟವರಲ್ಲ. ಅವರ ಕಾಲಡಿಯ ನೆಲ ಜರಿದಿತ್ತು. ಕನ್ನಡದ ಮಾತು ಇಲ್ಲಿ ಮೂಲಕ್ಕಿಂತಲೂ ನಿಜವನ್ನು ಹೇಳುತ್ತದೆ ಎಂದರೆ ನೀವು ಒಪ್ಪುವಿರಲ್ಲವೆ?

ನಾಳೆ ನಿಮ್ಮ ಮನೆಯ ಮಗು ಶಾಲೆಯ ವೇದಿಕೆಯ ಮೆಟ್ಟಿಲಲ್ಲಿ ನಿಂತುಬಿಟ್ಟೀತು. 'ಏಕೆ ಹಿಂಜರಿಯುತ್ತೀ?' ಎಂದು ನಾವು ಗದರುವುದುಂಟು. ಗದರುವ ಮೊದಲು ಪದದ ಮೂಲವನ್ನೊಮ್ಮೆ ನೆನೆಯಿರಿ. ಜಾರುವವರಿಗೆ ಬೇಕಾದದ್ದು ಗದರಿಕೆಯಲ್ಲ, ಹಿಡಿದುಕೊಳ್ಳಲು ಒಂದು ಕೈ.