ಬೆರಳಚ್ಚಿನಿಂದ ಬೆರಳ ಶಾಯಿಗೆ: ಚಿನ್ನದ ಗಣಿಯ ಮತದಾರರ ಕಥೆ

ಮತಗಟ್ಟೆಯಿಂದ ಹೊರಬಂದ ಮೇಲೆ ಎಲ್ಲರೂ ಒಮ್ಮೆ ಎಡಗೈಯ ತೋರುಬೆರಳನ್ನು ನೋಡಿಕೊಳ್ಳುತ್ತಾರೆ. ಉಗುರಿನ ತುದಿಯಿಂದ ಮೊದಲ ಗೆಣ್ಣಿನವರೆಗೆ ಎಳೆದ ಗೆರೆ ಮೊದಲು ನೇರಳೆಯಾಗಿದ್ದು ಆಮೇಲೆ ಕಪ್ಪಾಗುತ್ತದೆ. ಶಾಯಿಯಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮಕ್ಕೆ ಹಿಡಿದು, ಬೆಳಕು ಬಿದ್ದಂತೆ ಕಪ್ಪಾಗುವುದರಿಂದ ಸೋಪು ಹಾಕಿ ಎಷ್ಟು ಉಜ್ಜಿದರೂ ಅದು ಹೋಗುವುದಿಲ್ಲ. ಈ ಶಾಯಿ ತಯಾರಾಗುವುದು ನಮ್ಮ ಮೈಸೂರಿನಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ ಶುರುವಾದ ಅರಗು ಮತ್ತು ಬಣ್ಣದ ಕಾರ್ಖಾನೆ 1962ರ ಸಾರ್ವತ್ರಿಕ ಚುನಾವಣೆಯಿಂದ ಇದನ್ನು ದೇಶಕ್ಕೆ ಪೂರೈಸುತ್ತಾ ಬಂದಿದೆ. ಶಾಯಿಯ ಈ ಕಥೆ ಬಹಳ ಜನರಿಗೆ ಗೊತ್ತು, ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ.

ಅಷ್ಟಾಗಿ ಹೇಳಿಕೊಳ್ಳದ ಇನ್ನೊಂದು ಕಥೆಯಿದೆ. ಆ ಕಾರ್ಖಾನೆ ಶುರುವಾಗುವ ಏಳು ವರ್ಷ ಮೊದಲು, ಇದೇ ಮೈಸೂರು ಸಂಸ್ಥಾನದಲ್ಲಿ, ಬೆರಳಿಗೆ ಶಾಯಿ ಹಚ್ಚಿಸಿಕೊಳ್ಳಲು ಒಪ್ಪದೆ ಸಾವಿರಾರು ಜನ ಕೆಲಸ ಬಿಟ್ಟು ಕೂತಿದ್ದರು. ಅದು ನಡೆದದ್ದು ಕೋಲಾರದ ಚಿನ್ನದ ಗಣಿಯಲ್ಲಿ, 1930ರಲ್ಲಿ.

ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ಪುಟ್ಟ ರೈಲುದಾರಿಯ ಮೇಲೆ ಬೆಮೆಲ್ ನಗರ, ಕೋರಮಂಡಲ್, ಊರಿಗಾಂ, ಚಾಂಪಿಯನ್ ಎಂಬ ನಿಲ್ದಾಣಗಳು ಬರುತ್ತವೆ. ಇವುಗಳಲ್ಲಿ ಕೆಲವು ಹೆಸರುಗಳು ಗಣಿಗಳ ಹೆಸರೂ ಹೌದು. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಅಗೆಯಲು ತೊಡಗಿದ ಮೇಲೆ ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಗಣಿಗಳು ಎದ್ದುನಿಂತವು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು. ಬೆಂಗಳೂರಿನ ಬೀದಿಗಳಿಗಿಂತ ಮೊದಲು ಬೆಳಗಿದ್ದು ಈ ಗಣಿಗಳು. ಕೆಳಗಿಳಿದು ಬಂಡೆ ಒಡೆದವರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟ್, ಚಿತ್ತೂರು ಸೀಮೆಗಳಿಂದ ಬಂದ ತಮಿಳು, ತೆಲುಗು ಮಾತಿನ ದಲಿತರು. ಊರಿನಲ್ಲಿ ಜೀತ, ಬರ, ಜಾತಿಯ ಕಾಟ. ಇಲ್ಲಿ ಪಾತಾಳದಂಥ ಗಣಿ, ಆದರೆ ಕೈಗೆ ಕೂಲಿ.

ಕೂಲಿಯ ಜೊತೆಗೆ ಅನುಮಾನವೂ ಬಂತು. ಚಿನ್ನದ ಅದಿರಿನ ಚೂರು ಯಾರ ಗಂಟಿನಲ್ಲಾದರೂ ಇರಬಹುದು. ಹಾಗಾಗಿ ಪಾಳಿ ಮುಗಿಸಿ ಮೇಲೆ ಬಂದವರನ್ನು ತಡಕಿ ನೋಡುವುದು ದಿನನಿತ್ಯದ ಮಾತಾಯಿತು. ಕಳವು ತಡೆಯಲೆಂದೇ ಸಂಸ್ಥಾನದಲ್ಲಿ ಗಣಿ ಕಾಯಿದೆ, ಅದಕ್ಕೊಪ್ಪುವ ಪೊಲೀಸು. ಇದರ ಮುಂದಿನ ಹೆಜ್ಜೆಯಾಗಿ, ಕಾರ್ಮಿಕರೆಲ್ಲರ ಬೆರಳಚ್ಚು ತೆಗೆದು ಅವರನ್ನು ನೋಂದಾಯಿಸುವ ವ್ಯವಸ್ಥೆ 1930ರಲ್ಲಿ ಬಂತು.

ಈಗ ಸಿಮ್ ಕಾರ್ಡಿಗೂ ರೇಷನ್ ಅಕ್ಕಿಗೂ ಹೆಬ್ಬೆಟ್ಟು ಕೊಡುವ ನಮಗೆ ಅದರಲ್ಲೇನು ಅವಮಾನ ಅನ್ನಿಸಬಹುದು. ಆ ಕಾಲದಲ್ಲಿ ಬೆರಳಚ್ಚೆಂದರೆ ಪೊಲೀಸು ಠಾಣೆಯ ನೆನಪು. ಬೆರಳಚ್ಚಿನಿಂದ ಅಪರಾಧಿಗಳನ್ನು ಗುರುತಿಸುವ ಮೊದಲ ಕಚೇರಿ 1897ರಲ್ಲಿ ಕಲ್ಕತ್ತೆಯಲ್ಲೇ ತೆರೆದಿತ್ತು. ಬ್ರಿಟಿಷರು ‘ಅಪರಾಧಿ ಬುಡಕಟ್ಟು’ ಎಂದು ಹಣೆಪಟ್ಟಿ ಹಚ್ಚಿದ ಸಮುದಾಯಗಳಿಂದಲೂ ಬೆರಳಚ್ಚು ಪಡೆಯಲು 1911ರ ಕಾಯಿದೆ ಅವಕಾಶ ಕೊಟ್ಟಿತ್ತು. ಗಣಿಯ ಕಾರ್ಮಿಕರು ಅದನ್ನು ಸರಿಯಾಗಿಯೇ ಓದಿಕೊಂಡರು. ಕಳ್ಳರಾಗುವ ಮೊದಲೇ ತಮ್ಮನ್ನು ಕಳ್ಳರ ಪಟ್ಟಿಗೆ ಸೇರಿಸಲಾಗುತ್ತಿದೆ ಎಂದು ಅವರಿಗೆ ತಿಳಿಯಿತು. ಮೂರು ವಾರಗಳ ಕಾಲ ಗಣಿಗಳ ಕೆಲಸ ನಿಂತಿತು. ಮೈಸೂರಿನಲ್ಲಿ ಕಾರ್ಮಿಕ ಸಂಘಗಳಿಗೆ ಕಾನೂನಿನ ಮಾನ್ಯತೆ ಬಂದದ್ದು 1940ರ ದಶಕದ ಆರಂಭದಲ್ಲಿ. ಅದಕ್ಕೆ ಹತ್ತು ವರ್ಷ ಮೊದಲೇ ಈ ಜನ ತಮ್ಮ ಬೆರಳಿನ ಮರ್ಯಾದೆಗಾಗಿ ಹಸಿದಿದ್ದರು.

ಅದೇ ಹೊತ್ತಿನಲ್ಲಿ ಸಂಸ್ಥಾನದಲ್ಲಿ ಇನ್ನೊಂದು ಪಟ್ಟಿಯೂ ಇತ್ತು. ಅದು ಮತದಾರರ ಪಟ್ಟಿ. ದಿವಾನ್ ರಂಗಾಚಾರ್ಲು 1881ರಲ್ಲಿ ಶುರುಮಾಡಿದ ಪ್ರಜಾಪ್ರತಿನಿಧಿ ಸಭೆಯ ಬಗ್ಗೆ ನಾವು ಪಠ್ಯಪುಸ್ತಕದಲ್ಲಿ ಓದಿದ್ದೇವೆ. 144 ಜನರ ಮೊದಲ ಸಭೆ ಮೈಸೂರಿನ ದಸರೆಯ ಹೊತ್ತಿಗೆ ಕೂಡಿತು. ಹತ್ತು ವರ್ಷದಲ್ಲಿ ಸದಸ್ಯರ ಚುನಾವಣೆಯೂ ಬಂತು. 1923ರ ಸುಧಾರಣೆಯಲ್ಲಿ ಹೆಂಗಸರಿಗೂ ಮತದ ಬಾಗಿಲು ತೆರೆಯಿತು. ಆದರೆ ಒಳಗೆ ಬರಲು ಜಮೀನಿನ ಕಂದಾಯವೋ ತೆರಿಗೆಯೋ ಪದವಿಯೋ ಬೇಕಿತ್ತು. ಕಂಪನಿ ಕಟ್ಟಿಸಿದ ಲೈನ್‌ಗಳಲ್ಲಿ, ತಡಿಕೆ ಗೋಡೆಯ ಒಂದೇ ಕೋಣೆಯ ಮನೆಯಲ್ಲಿದ್ದವನ ಹೆಸರಿನಲ್ಲಿ ಜಮೀನಿರಲಿಲ್ಲ, ಮನೆಯೂ ಇರಲಿಲ್ಲ. ಚರಂಡಿ, ನೀರು, ಬೀದಿಯ ಉಸ್ತುವಾರಿ ಸ್ಯಾನಿಟರಿ ಬೋರ್ಡಿನದು. ಸಂಸ್ಥಾನದ ಬೊಕ್ಕಸಕ್ಕೆ ಚಿನ್ನದ ರಾಯಧನ ತಂದುಕೊಟ್ಟವನಿಗೆ ಆ ಸಂಸ್ಥಾನದ ಸಭೆಗೆ ಯಾರನ್ನು ಕಳಿಸಬೇಕು ಎಂದು ಹೇಳುವ ಹಕ್ಕು ಇರಲಿಲ್ಲ.

ಹೀಗೆ 1930ರ ಗಣಿ ಕಾರ್ಮಿಕನ ಮುಂದೆ ಎರಡು ಪಟ್ಟಿಗಳಿದ್ದವು. ಬೇಡವೆಂದರೂ ಒಂದರಲ್ಲಿ ಅವನ ಬೆರಳು ಬೇಕಿತ್ತು. ಬೇಕೆಂದರೂ ಇನ್ನೊಂದರಲ್ಲಿ ಅವನಿಗೆ ಜಾಗವಿರಲಿಲ್ಲ.

ಎರಡನೆಯ ಪಟ್ಟಿ ತೆರೆದುಕೊಂಡದ್ದು ಸ್ವಾತಂತ್ರ್ಯದ ಜೊತೆಗೆ. 1946ರ ನವೆಂಬರಿನಲ್ಲಿ ಮುಷ್ಕರದ ನಡುವೆ ಪೊಲೀಸರ ಗುಂಡಿಗೆ ಆರು ಮಂದಿ ಕಾರ್ಮಿಕರು ಬಲಿಯಾದರು. ಗಣಿಯ ಜನ ಅವರನ್ನು ಇವತ್ತಿಗೂ ಹುತಾತ್ಮರೆಂದು ನೆನೆಯುತ್ತಾರೆ. ಮರುವರ್ಷ ‘ಮೈಸೂರು ಚಲೋ’ ಚಳವಳಿಯ ಬಳಿಕ ಜವಾಬ್ದಾರಿ ಸರ್ಕಾರ ಬಂದಾಗ ಅದರ ಮುಖ್ಯಮಂತ್ರಿಯಾದವರು ಇದೇ ಸೀಮೆಯ ಕ್ಯಾಸಂಬಳ್ಳಿಯ ಕೆ.ಸಿ. ರೆಡ್ಡಿ. ಸಂವಿಧಾನ ಜಾರಿಗೆ ಬರುವ ಮೊದಲೇ, 1948ರಲ್ಲೇ, ದೇಶದಾದ್ಯಂತ ವಯಸ್ಕರೆಲ್ಲರ ಹೆಸರು ಬರೆದುಕೊಳ್ಳುವ ಕೆಲಸ ಶುರುವಾಗಿತ್ತು. ಓದು, ಆಸ್ತಿ, ಜಾತಿ ಯಾವುದನ್ನೂ ಕೇಳುವಂತಿರಲಿಲ್ಲ. 21 ವರ್ಷ ತುಂಬಿರಬೇಕು, ಆ ಜಾಗದಲ್ಲಿ ವಾಸವಿರಬೇಕು, ಅಷ್ಟೇ.

ಎಲ್ಲಕ್ಕಿಂತ ದೊಡ್ಡ ತೀರ್ಮಾನವೆಂದರೆ, ಜನ ಕಚೇರಿಗೆ ಬರಲಿ ಎಂದು ಕಾಯದೆ ಸರ್ಕಾರವೇ ಮನೆಬಾಗಿಲಿಗೆ ಹೋಗಿ ಹೆಸರು ಬರೆದುಕೊಂಡದ್ದು. ಇದರ ಬೆಲೆ ತಿಳಿಯಬೇಕಾದರೆ ಆಗಿನ ಅಮೆರಿಕವನ್ನು ನೋಡಬೇಕು. ಅಲ್ಲಿ ಮತದಾರ ತಾನೇ ಹೋಗಿ ನೋಂದಾಯಿಸಿಕೊಳ್ಳಬೇಕು. ಪಕ್ಷದ ಅಭ್ಯರ್ಥಿ ಯಾರೆಂದು ತೀರ್ಮಾನಿಸಲು ಮುಖ್ಯ ಚುನಾವಣೆಗೆ ಮೊದಲು ‘ಪ್ರೈಮರಿ’ ಎಂಬ ಇನ್ನೊಂದು ಚುನಾವಣೆ ನಡೆಯುತ್ತದೆ. ಟೆಕ್ಸಾಸಿನಂಥ ದಕ್ಷಿಣದ ರಾಜ್ಯಗಳಲ್ಲಿ ಆ ಪ್ರೈಮರಿಗೆ ಕಪ್ಪು ಜನರನ್ನು ಸೇರಿಸಿಕೊಳ್ಳುತ್ತಲೇ ಇರಲಿಲ್ಲ. ಒಂದೇ ಪಕ್ಷ ಗೆಲ್ಲುತ್ತಿದ್ದ ಆ ರಾಜ್ಯಗಳಲ್ಲಿ ನಿಜವಾದ ಆಯ್ಕೆ ನಡೆಯುತ್ತಿದ್ದದ್ದೇ ಪ್ರೈಮರಿಯಲ್ಲಿ. ಸುಪ್ರೀಂ ಕೋರ್ಟು 1944ರಲ್ಲಿ ಇದನ್ನು ರದ್ದು ಮಾಡಿತು. ಆಮೇಲೂ ಓದುಬರಹದ ಪರೀಕ್ಷೆ, ಮತತೆರಿಗೆಗಳ ನೆಪದಲ್ಲಿ ಅವರನ್ನು ಪಟ್ಟಿಯಿಂದ ಹೊರಗಿಡುವುದು 1965ರ ಮತಹಕ್ಕು ಕಾಯಿದೆಯವರೆಗೆ ನಡೆಯಿತು. ಅದಕ್ಕೆ 13 ವರ್ಷ ಮೊದಲು ಊರಿಗಾಂನ ದಲಿತ ಕಾರ್ಮಿಕ, ಒಂದಕ್ಷರ ಓದಲು ಬಾರದಿದ್ದರೂ, ಗಣಿಯ ಸಾಹೇಬನಿಗಿಲ್ಲದ ಹಕ್ಕನ್ನು ಕೈಯಲ್ಲಿ ಹಿಡಿದು ಮತಗಟ್ಟೆಗೆ ಹೋದ. ಸಾಹೇಬ ಭಾರತದ ಪ್ರಜೆಯಾಗಿರಲಿಲ್ಲವಲ್ಲ!

ನಮ್ಮ ಪಟ್ಟಿಯೇನೂ ಕುಂದಿಲ್ಲದ್ದಲ್ಲ. ಉತ್ತರದ ಹಲವು ರಾಜ್ಯಗಳಲ್ಲಿ ಹೆಂಗಸರು ತಮ್ಮ ಹೆಸರು ಹೇಳದೆ ‘ಇಂಥವನ ಹೆಂಡತಿ’, ‘ಇಂಥವನ ತಾಯಿ’ ಎಂದಷ್ಟೇ ಬರೆಸಿದರು. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅಂಥ ನಮೂದುಗಳನ್ನು ಒಪ್ಪಲಿಲ್ಲ. ಸುಮಾರು 28 ಲಕ್ಷ ಹೆಂಗಸರು ಮೊದಲ ಚುನಾವಣೆಯಲ್ಲಿ ಮತ ಕಳೆದುಕೊಂಡರು. ಕಠಿಣವೆನಿಸಿದರೂ ಅದರ ಹಿಂದಿನ ಮಾತು ಸರಿ. ಪಟ್ಟಿಯಲ್ಲಿ ಇರಬೇಕಾದದ್ದು ಆ ವ್ಯಕ್ತಿ, ಆಕೆಯ ಯಜಮಾನನಲ್ಲ.

1952ರ ಆ ಮೊದಲ ಮತದಾನದಲ್ಲಿ ಬರೆಯುವುದಾಗಲಿ ಮುದ್ರೆ ಒತ್ತುವುದಾಗಲಿ ಇರಲಿಲ್ಲ. ಪ್ರತಿ ಅಭ್ಯರ್ಥಿಗೂ ಒಂದು ಪೆಟ್ಟಿಗೆ, ಅದರ ಮೇಲೆ ಚಿಹ್ನೆ. ಮತಪತ್ರವನ್ನು ಮೆಚ್ಚಿದ ಪೆಟ್ಟಿಗೆಗೆ ಹಾಕಿದರಾಯಿತು. ಅದಕ್ಕೆ ಮೊದಲು ಬೆರಳಿಗೆ ಶಾಯಿ. 1930ರ ಮುಷ್ಕರ ಕಂಡವರು ಆ ಸಾಲಿನಲ್ಲೂ ನಿಂತಿರಲೇಬೇಕು. ಇಪ್ಪತ್ತೆರಡು ವರ್ಷ ಹಿಂದೆ ಹಿಂದೆಗೆದುಕೊಂಡ ಕೈಯನ್ನು ಈ ಸಲ ಅವರಾಗಿಯೇ ಮುಂದೆ ಚಾಚಿದರು. ಮೊದಲನೆಯ ಶಾಯಿ ನೀನು ಕಳ್ಳನಿರಬಹುದು ಎಂದಿತ್ತು. ಈ ಶಾಯಿ ನಿನಗೂ ಒಂದು ಮತವಿದೆ, ಯಾರಿಗೂ ಎರಡಿಲ್ಲ ಎಂದಿತು.

ಆ ಮತವನ್ನು ಗಣಿಯ ಜನ ತಮ್ಮದೇ ರೀತಿಯಲ್ಲಿ ಬಳಸಿದರು. ಅಯೋತಿ ದಾಸರ ಬೌದ್ಧ ಸಂಘದ ಶಾಖೆ ಮಾರಿಕುಪ್ಪಂನಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಇತ್ತು. ಕಮ್ಯುನಿಸ್ಟರ ಕಾರ್ಮಿಕ ಸಂಘವಿತ್ತು, ಅಂಬೇಡ್ಕರ್ ವಿಚಾರದ ರಾಜಕಾರಣವಿತ್ತು, ತಮಿಳುನಾಡಿನ ದ್ರಾವಿಡ ಪಕ್ಷಗಳ ಗಾಳಿಯಿತ್ತು. ಕರ್ನಾಟಕದ ಉಳಿದೆಡೆ ಕಾಂಗ್ರೆಸ್ಸೋ ಜನತಾ ಪಕ್ಷವೋ ಎಂಬ ಲೆಕ್ಕ ನಡೆಯುತ್ತಿದ್ದಾಗ ಕೆ.ಜಿ.ಎಫ್. ಕ್ಷೇತ್ರ 1983ರಲ್ಲಿ ಅಣ್ಣಾ ಡಿಎಂಕೆಯನ್ನೂ 1985ರಲ್ಲಿ ಸಿಪಿಎಂ ಅನ್ನೂ 1994ರಲ್ಲಿ ರಿಪಬ್ಲಿಕನ್ ಪಕ್ಷವನ್ನೂ ಗೆಲ್ಲಿಸಿತು. ಮುಂದೆ ಬಿಜೆಪಿಯೂ ಕಾಂಗ್ರೆಸ್ಸೂ ಗೆದ್ದವು. ಸರಿಯೋ ತಪ್ಪೋ, ಇವರು ಯಾರ ಲೆಕ್ಕಕ್ಕೂ ಸುಲಭವಾಗಿ ಸಿಗದ ಮತದಾರರು.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅಲ್ಲಿಂದ ಪಟ್ಟಿಯ ಕಥೆ ಇನ್ನೊಂದು ತಿರುವು ತೆಗೆದುಕೊಂಡಿತು. ಈಗ ಮುಂಜಾನೆ ಮಾರಿಕುಪ್ಪಂನಿಂದ ಹೊರಡುವ ರೈಲುಗಳು ಊರಿಗಾಂನಲ್ಲಿ, ಕೋರಮಂಡಲ್‌ನಲ್ಲಿ ಜನರನ್ನು ತುಂಬಿಕೊಂಡು ಬೆಂಗಳೂರಿಗೆ ಓಡುತ್ತವೆ, ರಾತ್ರಿ ತಂದು ಇಳಿಸುತ್ತವೆ. ಕೆಲವರು ಅಲ್ಲೇ ಬಾಡಿಗೆ ಕೋಣೆ ಹಿಡಿದು ಹಬ್ಬಕ್ಕಷ್ಟೇ ಬರುತ್ತಾರೆ. ಹಾಗಾದರೆ ಇವರ ಹೆಸರು ಎಲ್ಲಿರಬೇಕು?

1950ರ ಪ್ರಜಾಪ್ರಾತಿನಿಧ್ಯ ಕಾಯಿದೆ ಇದಕ್ಕೆ ಬಳಸುವ ಮಾತು ‘ಸಾಮಾನ್ಯ ನಿವಾಸಿ’. ಊರಿನಲ್ಲಿ ಮನೆಯಿದೆ ಎಂಬ ಒಂದೇ ಕಾರಣಕ್ಕೆ ಯಾರೂ ಸಾಮಾನ್ಯ ನಿವಾಸಿಯಾಗುವುದಿಲ್ಲ. ತಾತ್ಕಾಲಿಕವಾಗಿ ಊರಲ್ಲಿಲ್ಲ ಎಂಬ ಕಾರಣಕ್ಕೆ ಆ ಸ್ಥಾನ ಹೋಗುವುದೂ ಇಲ್ಲ. ದಿನವೂ ರೈಲಿನಲ್ಲಿ ಹೋಗಿ ಬರುವವನು ನಿಸ್ಸಂದೇಹವಾಗಿ ಊರಿಗಾಂನವನೇ. ಸಂಸಾರ ಸಮೇತ ಬೆಂಗಳೂರಿನಲ್ಲಿ ನೆಲೆಸಿದವನು ಹೆಸರನ್ನು ಅಲ್ಲಿಗೆ ಬದಲಾಯಿಸಿಕೊಳ್ಳಬೇಕು. ಎರಡೂ ಕಡೆ ಇಟ್ಟುಕೊಳ್ಳುವಂತಿಲ್ಲ. ಇವರ ನಡುವೆ ಇರುವವರೇ ಬಹಳ, ತೊಡಕು ಅವರದ್ದೇ. ಹೊಸದಾಗಿ ಸೇರಲು ನಮೂನೆ 6, ವಿಳಾಸ ಬದಲಾಯಿಸಲು ನಮೂನೆ 8. ನೋಟಿಸು ಕೊಟ್ಟು ಹೇಳಿಕೆ ಕೇಳದೆ, ಊರಲ್ಲಿಲ್ಲ ಎಂಬ ಕಾರಣಕ್ಕೆ ಹೆಸರು ಅಳಿಸುವಂತಿಲ್ಲ. ಆದರೆ ಬೀಗ ಹಾಕಿದ ಮನೆಗೆ ಬಂದ ನೋಟಿಸನ್ನು ಓದುವವರು ಯಾರು?

ನಗರಸಭೆ ಚುನಾವಣೆಯಲ್ಲಿ ಈ ಪ್ರಶ್ನೆ ಇನ್ನೂ ಹತ್ತಿರದ್ದು. ವಿಧಾನಸಭೆಯ ಪಟ್ಟಿಯನ್ನೇ ಒಡೆದು ವಾರ್ಡುಗಳ ಪಟ್ಟಿ ಮಾಡುತ್ತಾರೆ. ರಾಬರ್ಟ್‌ಸನ್‌ಪೇಟೆ ನಗರಸಭೆಗೆ 35 ವಾರ್ಡುಗಳು. ಅಲ್ಲಿ ಗೆಲುವು ಸೋಲುಗಳು ಒಂದೆರಡು ಲೈನ್‌ಗಳ ಜನರ ಕೈಯಲ್ಲಿರುತ್ತವೆ. ಕುಡಿಯುವ ನೀರು, ಕಂಪನಿ ಬಿಟ್ಟುಹೋದ ಮನೆಗಳು, ಗಾಳಿ ಬೀಸಿದಾಗ ಸಯನೈಡ್ ದಿಬ್ಬಗಳಿಂದ ಏಳುವ ದೂಳು, ಇದನ್ನೆಲ್ಲ ಯಾರನ್ನು ಕೇಳಬೇಕು ಎಂದು ತೀರ್ಮಾನವಾಗುವುದು ಅಲ್ಲೇ. ದುಡಿಯುವ ವಯಸ್ಸಿನವರ ಹೆಸರುಗಳು ಒಂದೊಂದಾಗಿ ಪಟ್ಟಿಯಿಂದ ಜಾರಿದರೆ ಊರಿನ ಪರವಾಗಿ ಜಗಳವಾಡುವವರು ಕಡಿಮೆಯಾಗುತ್ತಾರೆ.

ಮತಗಟ್ಟೆಯಲ್ಲಿ ಇವತ್ತಿಗೂ ಒಂದು ದಪ್ಪ ಪುಸ್ತಕವಿರುತ್ತದೆ. ಮತ ಹಾಕುವ ಮೊದಲು ಅದರಲ್ಲಿ ಸಹಿ ಮಾಡಬೇಕು, ಸಹಿ ಬಾರದವರು ಹೆಬ್ಬೆಟ್ಟು ಒತ್ತಬೇಕು. ಅದೂ ಬೆರಳಚ್ಚೇ. ಆದರೆ ಅದಕ್ಕಾಗಿ ಯಾರೂ ಮುಷ್ಕರ ಹೂಡುವುದಿಲ್ಲ, ಯಾಕೆಂದರೆ ಆ ಹೆಬ್ಬೆಟ್ಟಿನ ಬದಲಿಗೆ ಒಂದು ಮತ ಸಿಗುತ್ತದೆ. 1930ರ ಕಾರ್ಮಿಕರು ಬೇಡವೆಂದದ್ದು ಪಟ್ಟಿಯನ್ನಲ್ಲ, ತಮ್ಮಿಂದ ಕಿತ್ತುಕೊಳ್ಳುವುದಕ್ಕಷ್ಟೇ ಇದ್ದ ಪಟ್ಟಿಯನ್ನು. ಅವರ ಮೊಮ್ಮಕ್ಕಳು ಬೆಂಗಳೂರಿಗೆ ಹೊರಡುವ ರೈಲು ಹತ್ತುವ ಮೊದಲು ಇನ್ನೊಂದು ಪಟ್ಟಿಯಲ್ಲಿ ತಮ್ಮ ಹೆಸರು ಇದೆಯೋ ಇಲ್ಲವೋ ಎಂದು ವರ್ಷಕ್ಕೊಮ್ಮೆಯಾದರೂ ನೋಡಿಕೊಳ್ಳಬೇಕು. ಆ ಹೆಸರು ಅಲ್ಲಿಗೆ ಬರಲು ಹಿಡಿದ ಕಾಲ ಸಣ್ಣದಲ್ಲ.